ಲಕ್ಷ್ಮಣಪ್ಪ ಕಾಕಾನ ಜೇಬಿನ ಮೋಟರ್

ನಮ್ಮ ಪಕ್ಕದ ಮನೆಯ ಲಕ್ಷ್ಮಣಪ್ಪ ಕಾಕಾ ಗುಟ್ಟು ಹೇಳಿದರೆ ಗಿಣಿಗೇರಾದ ಅರ್ಧ ಓಣಿಗೆ ಗೊತ್ತಾಗುತ್ತಿತ್ತು. ತಮಗೆ ಕೇಳಿಸುವುದಿಲ್ಲವಲ್ಲ, ಹಾಗಾಗಿ ಎದುರಿನವರಿಗೂ ಕೇಳಿಸುವುದಿಲ್ಲ ಅಂದುಕೊಂಡು ಕೂಗಿಯೇ ಮಾತಾಡುತ್ತಿದ್ದರು. ಒಮ್ಮೆ ನಮ್ಮ ಅವ್ವನ ಕಿವಿಯ ಹತ್ತಿರ ಬಗ್ಗಿ, "ತಂಗಿ, ಯಾರಿಗೂ ಹೇಳಬ್ಯಾಡ, ದುರಗಮ್ಮನ ಸಾರು ಬರೇ ನೀರು" ಅಂದರು. ಆ ಸಾರು ಕೊಟ್ಟ ದುರಗಮ್ಮ ಎದುರು ಕಟ್ಟೆಯ ಮೇಲೆಯೇ ಕುಳಿತಿದ್ದಳು! ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಮತ್ತೊಂದು ತಂಬಿಗೆ ಸಾರು ತಂದಿಟ್ಟು, "ಇದು ಗಟ್ಟಿ ಐತಿ, ಈಗರೆ ಕೂಗು" ಅಂದಳು.

ಕಾಕಾನ ಕಿವಿ ಮೊದಲಿನಿಂದ ಹೀಗಿರಲಿಲ್ಲ. 1998ರಲ್ಲಿ ಎತ್ತು ಮಾರಿ ಊರ ಹೊರಗಿನ ಒಂದು ಕಬ್ಬಿಣದ ಕಾರ್ಖಾನೆಗೆ ಸೇರಿದರು. ಕೆಲಸ ಬ್ಲೋವರ್ ಮನೆಯಲ್ಲಿ, ಕುಲುಮೆಗೆ ಗಾಳಿ ತಳ್ಳುವ ದೊಡ್ಡ ಯಂತ್ರಗಳ ನಡುವೆ. ಕಿವಿಗೆ ಹಾಕಿಕೊಳ್ಳಲು ರಬ್ಬರ್ ಬಿರಡೆ ಕೊಡುತ್ತಿದ್ದರು. ಕಾಕಾ ಅದನ್ನು ಕಿವಿಗೆ ಹಾಕದೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. "ಕಿವಿ ಮುಚ್ಚಿಕೊಂಡ್ರ ಬೇರಿಂಗ್ ಏನ್ ಹೇಳಾಕತ್ತೈತಿ ಅಂತ ಹ್ಯಾಂಗ ಗೊತ್ತಾಗಬೇಕು?" ಅನ್ನುತ್ತಿದ್ದರಂತೆ. ಬೇರಿಂಗ್ ಸವೆಯುತ್ತಿರುವುದು ಮೀಟರಿಗಿಂತ ಮೊದಲೇ ಅವರಿಗೆ ತಿಳಿಯುತ್ತಿತ್ತು, ದೊಡ್ಡ ಇಂಜಿನಿಯರುಗಳೂ ಬಂದು ಅವರನ್ನೇ ಕೇಳುತ್ತಿದ್ದರು. ಹೀಗೆ ಇಪ್ಪತ್ತೆರಡು ವರ್ಷ ಕೇಳಿ ಕೇಳಿ ಕಿವಿಯನ್ನೇ ಮುಗಿಸಿಕೊಂಡು ಮನೆಗೆ ಬಂದರು. ಬಲಗಿವಿಗೆ ಬಾಯಿ ಹಚ್ಚಿ ಕೂಗಿದರೆ ಅಷ್ಟಿಷ್ಟು ಕೇಳುತ್ತಿತ್ತು.

ಮರುವರ್ಷ ಅವರ ಹೆಂಡತಿ ಹಂಪವ್ವ ಚಿಗವ್ವನಿಗೆ ಲಕ್ವಾ ಹೊಡೆಯಿತು. ಬಲಭಾಗ ಪೂರ್ತಿ ಹೋಯಿತು, ದನಿ ಸಣ್ಣಗಾಯಿತು. ಮಗಳು ರೇಣುಕಾ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ, ಬೆಳಿಗ್ಗೆ ಹೋದರೆ ಬರುವುದು ನಾಲ್ಕಕ್ಕೆ. ಅಷ್ಟು ಹೊತ್ತು ಮನೆಯಲ್ಲಿ ಕೂಗಲಾರದ ಚಿಗವ್ವ, ಕೇಳಲಾರದ ಕಾಕಾ. ಯೋಚನೆ ಮಾಡಿ! ಹೊರಗಿನ ಕಟ್ಟೆಯ ಮೇಲೆ ಕುಳಿತ ಕಾಕಾನಿಗೆ ಒಳಗೆ ಚಿಗವ್ವ ನೀರು ಕೇಳಿದ್ದು ಹೇಗೆ ಗೊತ್ತಾಗಬೇಕು?

ಕಾಕಾ ಒಂದು ಹಗ್ಗ ತಂದರು. ಒಂದು ತುದಿ ಚಿಗವ್ವನ ಎಡಗೈಗೆ, ಇನ್ನೊಂದು ತುದಿ ತಮ್ಮ ಕಾಲಿಗೆ. ಅವಳು ಎಳೆದರೆ ಇವರು ಎದ್ದು ಒಳಗೆ ಹೋಗುತ್ತಿದ್ದರು. ಹಗ್ಗ ಎಷ್ಟುದ್ದವೋ ಅಷ್ಟೇ ಅವರ ಊರು. ಚಹಾದಂಗಡಿಗೆ ಹೋಗುವ ಹಾಗಿರಲಿಲ್ಲ.

"ಏನ್ ಲಕ್ಷ್ಮಣಣ್ಣ, ಹಂಪವ್ವ ಮೂಗುದಾಣ ಹಾಕ್ಯಾಳಲ್ಲ!" ಅಂತ ದುರಗಮ್ಮ ಕೈಸನ್ನೆ ಮಾಡಿ ಕಾಡಿಸುತ್ತಿದ್ದಳು.

"ಮೂಗಿಗೆ ಹಾಕಿದ್ದಿಲ್ಲ, ಕಾಲಿಗೆ ಹಾಕ್ಯಾಳ. ನಿನ್ನ ಗಂಡಗೂ ಒಂದು ಕಟ್ಟು, ಮನ್ಯಾಗರೆ ಇರ್ತಾನ" ಅಂತ ಇವರು. ಓಣಿಯೆಲ್ಲ ನಗುತ್ತಿತ್ತು, ದುರಗಮ್ಮನ ಗಂಡನೊಬ್ಬನನ್ನು ಬಿಟ್ಟು.

ಆಗ ನಾನು ಕೊಪ್ಪಳದಲ್ಲಿ ಬಿಸಿಎ ಎರಡನೆಯ ವರ್ಷದಲ್ಲಿದ್ದೆ, ಆ್ಯಪ್ ಬರೆಯುವ ಲ್ಯಾಬ್ ಆಗಷ್ಟೇ ಶುರುವಾಗಿತ್ತು. ಆ್ಯಪ್ ತನ್ನಷ್ಟಕ್ಕೆ ಫೋನಿನ ಯಾವ ಭಾಗವನ್ನೂ ಮುಟ್ಟುವಂತಿಲ್ಲ, ಗೊತ್ತಾ? ಕ್ಯಾಮೆರಾ, ಮೈಕು, ಎಲ್ಲವೂ ಸಿಸ್ಟಮ್ಮಿನ ಸುಪರ್ದಿಯಲ್ಲಿರುತ್ತವೆ. ನಮ್ಮ ಕೋಡು ಸಿಸ್ಟಮ್ಮನ್ನು ಕೇಳಬೇಕು, ಸಿಸ್ಟಮ್ಮು ಫೋನಿನ ಒಡೆಯರನ್ನು ಕೇಳಬೇಕು, ಅವರು ಹೂಂ ಅಂದರೆ ಮಾತ್ರ ಕೆಲಸ. ಆದರೆ ಫೋನಿನೊಳಗೆ ಕಡಲೆಕಾಳಿನಷ್ಟು ಒಂದು ಮೋಟರ್ ಇದೆ, ಫೋನನ್ನು ನಡುಗಿಸುವುದು. ಅದಕ್ಕೆ ಇಷ್ಟೆಲ್ಲ ಕಟ್ಟುಪಾಡಿಲ್ಲ, ಕೋಡಿನಲ್ಲಿ ಮೊದಲೇ ಹೇಳಿಟ್ಟರೆ ಸಾಕು. ನಾನು ಒಂದೇ ಒಂದು ಸಾಲು ಬರೆದೆ, ಎಂಟುನೂರು ಮಿಲಿಸೆಕೆಂಡು ಅಂತ ಹಾಕಿದೆ, ಓಡಿಸಿದೆ, ಮೇಜಿನ ಮೇಲಿದ್ದ ಫೋನು ಝುಂ ಅಂತ ನಡುಗಿ ಬೆರಳಷ್ಟು ದೂರ ಸರಿಯಿತು! ನಾನು ಬರೆದ ಅಕ್ಷರ ಒಂದು ವಸ್ತುವನ್ನು ಅಲ್ಲಾಡಿಸಿತು! ಮನೆಗೆ ಬರುವ ಬಸ್ಸಿನಲ್ಲಿ ಮತ್ತೆ ಮತ್ತೆ ಅದನ್ನೇ ಮಾಡುತ್ತ ಬಂದೆ. ಪಕ್ಕದಲ್ಲಿದ್ದ ಮುದುಕಿ, "ನಿನ್ನ ಫೋನಿಗೆ ಚಳಿಜ್ವರ ಬಂದೈತೇನ್ ಯವ್ವಾ?" ಅಂತ ಕೇಳಿದಳು.

ಬಸ್ಸಿಳಿದು ಓಣಿಗೆ ಬಂದರೆ ಕಾಕಾ ಕಾಲಿಗೆ ಹಗ್ಗ ಕಟ್ಟಿಕೊಂಡು ಕುಳಿತಿದ್ದರು. ಕೇಳಲಾರದವರನ್ನು ನಡುಗಿಸಿ ಕರೆಯಬಹುದಲ್ಲ! ಹನ್ನೆರಡು ದಿನ ಕುಳಿತು ಬರೆದೆ. ಚಿಗವ್ವನ ಮಂಚಕ್ಕೆ ರೇಣುಕಾಳ ಹಳೆಯ ಫೋನು ಕಟ್ಟಿದೆವು. ಚಿಗವ್ವನ ಒಣ ಹೆಬ್ಬೆರಳಿಗೆ ಫೋನಿನ ಗಾಜು ಸರಿಯಾಗಿ ಓಗೊಡುತ್ತಿರಲಿಲ್ಲ, ಅದಕ್ಕೆ ಫೋನಿನ ಬದಿಯಲ್ಲಿರುವ, ಸದ್ದು ಏರಿಸಿ ಇಳಿಸುವ ಗುಂಡಿಯನ್ನೇ ಕರೆಗಂಟೆ ಮಾಡಿದೆ. ಅವಳು ಗುಂಡಿ ಒತ್ತಿದರೆ ಕಾಕಾನ ಅಂಗಿ ಜೇಬಿನ ಫೋನು ನಡುಗುತ್ತಿತ್ತು. ಅಷ್ಟೇ ಆ್ಯಪು. ಕಾಕಾನ ಫೋನು ನಿದ್ದೆ ಹೋದರೆ ಕರೆ ತಪ್ಪೀತು ಅಂತ, ಅದು ನಿದ್ದೆಯನ್ನೇ ಮಾಡದ ಹಾಗೆಯೂ ಬರೆದುಬಿಟ್ಟೆ. ಅವರ ಬಲಗಿವಿಗೆ ಕೂಗಿ, "ಇದು ಯಾವಾಗ್ಲೂ ಚಾಲೂ ಇರಬೇಕ್ರಿ ಕಾಕಾ" ಅಂತ ಹೇಳಿದೆ.

ಮೊದಲ ದಿನ ಕಾಕಾ ಚಹಾದಂಗಡಿಗೆ ಹೋದರು. ಎರಡು ವರ್ಷದಲ್ಲಿ ಮೊದಲ ಸಲ! ಲೋಟ ಬಾಯಿಗೆ ಹೋಗುವಷ್ಟರಲ್ಲಿ ಜೇಬು ನಡುಗಿತು. ಲೋಟ ಅಲ್ಲೇ ಇಟ್ಟು ಓಡಿ ಬಂದರು, ನಾನೂ ಓಡಿದೆ.

"ಏನ್ ಬೇಕು?"

"ಏನಿಲ್ಲ" ಅಂದಳು ಚಿಗವ್ವ ತೊದಲುತ್ತ. "ಬರ್ತಿಯೋ ಇಲ್ಲೋ ನೋಡಿದ್ನಿ." ಅರ್ಧ ಮುಖದಲ್ಲೇ ಎಷ್ಟು ನಕ್ಕಳು! ಕಾಕಾ ಬೈದರು, ಆಮೇಲೆ ಅವರೂ ನಕ್ಕರು, ಸಂಜೆ ಎಲ್ಲರಿಗೂ ಎದೆ ಬಡಿದು ತೋರಿಸುತ್ತ, "ಆಕಿ ನನ್ನ ಇಲ್ಲಿ ಕರೀತಾಳ" ಅಂತ ಕೂಗಿದರು. ಐದು ತಿಂಗಳು ಹೀಗೆಯೇ ಚೆನ್ನಾಗಿ ನಡೆಯಿತು.

ಆಮೇಲೆ ಬಂದದ್ದು ಮೇ ತಿಂಗಳ ಬಿಸಿಲು. ಕಾಕಾ ಫೋನಿಗೆ ಆಗಾಗ ಅಂಗೈಯ ಹಿಂಭಾಗ ಹಚ್ಚಿ ನೋಡುತ್ತಿದ್ದರು, ಕಾರ್ಖಾನೆಯಲ್ಲಿ ಬೇರಿಂಗಿನ ಬಿಸಿ ನೋಡುವ ಹಾಗೆ. ಫೋನು ಬಿಸಿಯಾಗುತ್ತಿತ್ತು. ಆಗಲೇಬೇಕಲ್ಲ, ನಾನು ಅದಕ್ಕೆ ನಿದ್ದೆಯನ್ನೇ ಕೊಟ್ಟಿರಲಿಲ್ಲ. ಬ್ಲೋವರ್ ಮನೆಯಲ್ಲಿ ಯಾವಾಗಲೂ ಎರಡು ಯಂತ್ರ ಇರುತ್ತಿದ್ದವಂತೆ. ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವಾಗ ಎರಡನೆಯದನ್ನು ಚಾಲೂ ಮಾಡಿ ಮೊದಲನೆಯದಕ್ಕೆ ವಿಶ್ರಾಂತಿ ಕೊಡುವುದು ಅವರ ಕೆಲಸ. ಹಾಗೆಯೇ ಮೇ ತಿಂಗಳಲ್ಲಿ ಪ್ರತಿದಿನ ಪಾಳಿಯ ಬಸ್ಸು ಊರ ಮುಂದೆ ಹಾದ ಕೂಡಲೇ ಕಾಕಾ ಫೋನಿನ ಆ್ಯಪುಗಳನ್ನೆಲ್ಲ ಮುಚ್ಚಿ ಅರ್ಧ ಗಂಟೆ ಆರಿಸುತ್ತಿದ್ದರು. ನನಗೆ ಹೇಳಿರಲಿಲ್ಲ. ಅವರೇನು ಬೇಜವಾಬ್ದಾರಿ ಮನುಷ್ಯರಲ್ಲ, ಆ ಅರ್ಧ ಗಂಟೆ ಚಿಗವ್ವನ ಮಂಚದ ಪಕ್ಕದಲ್ಲೇ ಬೀಸಣಿಗೆ ಬೀಸುತ್ತ ಕುಳಿತಿರುತ್ತಿದ್ದರು.

ಆ ಗುರುವಾರ ಎರಡು ಗಂಟೆಗೆ ಆ್ಯಪು ಮುಚ್ಚಿ, ಫೋನು ಜೇಬಿಗೆ ಹಾಕಿ ಕುಳಿತಿದ್ದರು. ಅಷ್ಟರಲ್ಲಿ ದುರಗಮ್ಮ ಬಾಗಿಲಲ್ಲಿ ನಿಂತು ಕೊಡ ಎತ್ತಿ ತೋರಿಸಿದಳು. ಎಂಟು ದಿನದ ಮೇಲೆ ನಲ್ಲಿಗೆ ನೀರು ಬಂದಿತ್ತು. ಚಿಗವ್ವನೇ, "ಹೋಗು, ಹೋಗು" ಅಂತ ಎಡಗೈ ಬೀಸಿದಳಂತೆ. ಕಾಕಾ ನಾಲ್ಕು ಕೊಡ ತೆಗೆದುಕೊಂಡು ಓಡಿದರು. ನಲ್ಲಿಯ ಮುಂದೆ ಜಗಳ, ನೂಕಾಟ. ಸಾಲಿನಲ್ಲಿ ನಿಂತು ನಡುನಡುವೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು ಅಂತ ದುರಗಮ್ಮ ಹೇಳುತ್ತಾಳೆ. ಆ್ಯಪು ಮುಚ್ಚಿದ್ದು ಮರೆತೇಹೋಗಿತ್ತು. "ನಡುಗವಲ್ದು, ಆರಾಮ ಅದಾಳ" ಅಂತ ಅವಳಿಗೆ ಹೇಳಿದರಂತೆ.

ತುಂಬಿದ ಕೊಡ ಹೊತ್ತು ಮನೆಗೆ ಬಂದಾಗ ಚಿಗವ್ವನ ಜೀವ ಹೋಗಿತ್ತು. ಎರಡನೆಯ ಸಲ ಲಕ್ವಾ ಹೊಡೆದಿತ್ತು. ಕೊಪ್ಪಳದ ಡಾಕ್ಟರು, ಪಕ್ಕದಲ್ಲಿ ಕುಳಿತಿದ್ದರೂ ಉಳಿಸಲು ಆಗುತ್ತಿರಲಿಲ್ಲ ಅಂದರು.

ಅವತ್ತು ಸಂಜೆ ಮಂಚಕ್ಕೆ ಕಟ್ಟಿದ ಫೋನು ಬಿಚ್ಚಿ ನೋಡಿದೆ. ಯಾವ ಯಾವ ಹೊತ್ತಿಗೆ ಗುಂಡಿ ಒತ್ತಿದರು ಅನ್ನುವುದನ್ನು ಅದು ಬರೆದಿಡುತ್ತಿತ್ತು, ನಾನೇ ಹಾಗೆ ಮಾಡಿದ್ದೆ. ಎರಡು ಹನ್ನೊಂದರಿಂದ ಎರಡು ಇಪ್ಪತ್ತರವರೆಗೆ ಹದಿನಾಲ್ಕು ಸಲ. ರೇಣುಕಾಳಿಗೆ ತೋರಿಸಿದೆ. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದು, "ಅಪ್ಪಗ ಹೇಳಬ್ಯಾಡ ಅನುಷಾ. ಆತ ಉಳಿಯಂಗಿಲ್ಲ" ಅಂದಳು.

ಮೂರನೆಯ ದಿನ ಕಾಕಾ ನನ್ನನ್ನು ಕರೆದು ಕೇಳಿಯೇಬಿಟ್ಟರು. "ಆಕಿ ಒತ್ತಿದ್ಳೇನು?"

ನಾನು ಇಲ್ಲ ಅಂತ ತಲೆ ಆಡಿಸಿದೆ. ಅವರಿಗೆ ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ. ಮುಖ ಕಲ್ಲಿನ ಹಾಗಾಯಿತು.

"ಒಮ್ಮಿನೂ ಒತ್ತಲಿಲ್ಲ? ಅಷ್ಟು ಸಂಕಟದಾಗ ನನ್ನ ಕರೀಬೇಕು ಅನಸಲಿಲ್ಲ ಆಕಿಗೆ?"

ಅಲ್ಲಿಂದ ಮುಂದೆ ಬಂದವರಿಗೆಲ್ಲ ಅದೊಂದೇ ಮಾತು. ಮೂವತ್ತು ವರ್ಷ ಜೋಡಿ ಬಾಳಿದವಳು ಕರೆಯದೆ ಹೋದಳು ಅಂತ ಕೂಗಿ ಹೇಳುತ್ತಿದ್ದರು, ನನಗೆ ನಮ್ಮ ಮನೆಯ ಒಳಕೋಣೆಯಲ್ಲಿ ಕಿವಿ ಮುಚ್ಚಿಕೊಂಡರೂ ಕೇಳುತ್ತಿತ್ತು. ಹನ್ನೊಂದನೆಯ ದಿನ ಚಿಗವ್ವನ ಫೋಟೋದ ಮುಂದೆ ಎಡೆ ಇಡಬೇಕು. ಗಂಡನೇ ಇಡಬೇಕು. ಕಾಕಾ ಕಟ್ಟೆ ಬಿಟ್ಟು ಏಳಲಿಲ್ಲ.

"ಅಪ್ಪ, ಬಾ, ಎಡಿ ಆರಾಕತ್ತೈತಿ" ಅಂತ ರೇಣುಕಾ ಬಲಗಿವಿಗೆ ಕೂಗಿದಳು.

"ಕರೀದ ಹೋದಾಕಿ ಮುಂದ ನಾ ಯಾಕ ಹೋಗಿ ಕುಂದ್ರಲಿ?"

ರೇಣುಕಾ ನನ್ನ ಕಡೆ ನೋಡಿದಳು. ಈ ಸಲ ಅವಳು ಹೇಳಬ್ಯಾಡ ಅನ್ನಲಿಲ್ಲ. ಕೂಗಿ ಹೇಳುವ ಮಾತಲ್ಲ ಅದು. ಒಳಗಿನಿಂದ ಆ ಹಳೆಯ ಫೋನು ತಂದು ಕಾಕಾನ ಕೈಗೆ ಕೊಟ್ಟೆ. ಹದಿನಾಲ್ಕು ಸಾಲು, ಒಂದೊಂದರ ಮುಂದೆ ಹೊತ್ತು. ಅವರು ಬೆರಳಿಟ್ಟು ಓದಿದರು, ಎಣಿಸಿದರು, ಮತ್ತೆ ಎಣಿಸಿದರು.

"ಬಿಸಿ ಆಗಿತ್ತಂತ ನಾ ಬಂದ್ ಮಾಡಿದ್ನಿ" ಅಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ನಾನು ಅವರ ಕಿವಿಗೆ ಬಾಯಿ ಹಚ್ಚಿ, ಫೋನು ಬಿಸಿಯಾಗಿದ್ದು ನನ್ನ ತಪ್ಪು, ಅದಕ್ಕೆ ನಿದ್ದೆ ಮಾಡಲು ಬಿಡದ ಹಾಗೆ ಬರೆದವಳು ನಾನೇ, ಆಮೇಲೆ ಸುಳ್ಳು ಹೇಳಿದವಳೂ ನಾನೇ ಅಂತ ಅಳುತ್ತ ಕೂಗಿದೆ. ಓಣಿಯವರೆಲ್ಲ ಕೇಳಿಸಿಕೊಂಡರು.

ಕಾಕಾ ತಲೆ ಅಲ್ಲಾಡಿಸಿದರು. "ಬಿಸಿ ಆದ ಮಷೀನು ಬಂದ್ ಮಾಡೋದು ತಪ್ಪಲ್ಲವ್ವ. ಎರಡನೇದ್ದು ಚಾಲೂ ಮಾಡದ ಬಂದ್ ಮಾಡಿದ್ನಲ್ಲ, ಅದು ತಪ್ಪು. ಇಪ್ಪತ್ತೆರಡು ವರ್ಷದಾಗ ಒಂದಿನ ಹಂಗ ಮಾಡಿದ್ದಿಲ್ಲ."

ಆಮೇಲೆ ತಮ್ಮ ಫೋನು ನನ್ನ ಮುಂದೆ ಚಾಚಿದರು. "ಆಕಿ ಕರೆದಿದ್ದು ನನಗ ಮುಟ್ಟಿಲ್ಲ. ಈಗ ಮುಟ್ಟಸಾಕ ಬರ್ತೈತೇನು?"

ಬರುತ್ತಿತ್ತು. ಹದಿನಾಲ್ಕು ಹೊತ್ತುಗಳನ್ನು ಒಂದು ಸಾಲಿನಲ್ಲಿ ಹಾಕಿ, ನಡುವಿನ ಅಂತರ ಲೆಕ್ಕ ಹಾಕಿ ಮೋಟರಿಗೆ ಕೊಟ್ಟರೆ ಆಯಿತು. ಕಟ್ಟೆಯ ಮೇಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆದೆ, ಮೂರು ಸಲ ತಪ್ಪಾಯಿತು. ಒಂಬತ್ತು ನಿಮಿಷ ಆಗುತ್ತದೆ, ನಡುವಿನದನ್ನು ಕಡಿಮೆ ಮಾಡಲೇ ಅಂತ ಕೇಳಿದೆ.

"ಬ್ಯಾಡ. ಆಕಿ ಎಷ್ಟು ಹೊತ್ತು ಹಾದಿ ನೋಡಿದ್ಳೋ ಅಷ್ಟು ಇರಲಿ."

ಫೋನನ್ನು ಜೇಬಿಗೆ ಹಾಕಿ ಮೇಲೆ ಅಂಗೈ ಇಟ್ಟುಕೊಂಡು ಕುಳಿತರು. ಮೊದಲ ಐದು ಒಂದರ ಹಿಂದೆ ಒಂದು ಬಂದವು. ಆಮೇಲೆ ಒಂದು ನಿಮಿಷ ಏನೂ ಇಲ್ಲ. ಮತ್ತೆ ಮೂರು. ಬಾಗಿಲಲ್ಲಿ ನಿಂತ ರೇಣುಕಾ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ದುರಗಮ್ಮ ತನ್ನ ಕಟ್ಟೆಯ ಮೇಲೆ ನಿಂತೇ ಇದ್ದಳು. ಪ್ರತಿ ಸಲ ಜೇಬು ನಡುಗಿದಾಗ ಕಾಕಾನ ಕಾಲು ಏಳುವುದಕ್ಕೆ ಅಂತ ಅಲುಗುತ್ತಿತ್ತು, ಅಷ್ಟಕ್ಕೇ ನಿಲ್ಲುತ್ತಿತ್ತು. ಕೊನೆಯ ಎರಡರ ನಡುವೆ ಮೂರು ನಿಮಿಷದ ಅಂತರ ಇತ್ತು, ಅಷ್ಟು ಉದ್ದದ ಮೂರು ನಿಮಿಷವನ್ನು ನಾನು ಯಾವತ್ತೂ ಕಂಡಿಲ್ಲ.

ಹದಿನಾಲ್ಕನೆಯದು ಬಂತು. ಕಾಕಾ ಕೈ ತೆಗೆಯಲಿಲ್ಲ.

"ಇನ್ನೂ ಐತೇನು?"

ಇಲ್ಲ ಅಂತ ತಲೆ ಆಡಿಸಿದೆ.

ಕಾಕಾ ಎದ್ದರು. ಕಾಲು ತೊಳೆದುಕೊಂಡು ಒಳಗೆ ಹೋಗಿ ಫೋಟೋದ ಮುಂದೆ ಕುಳಿತು, ಆರಿಹೋಗಿದ್ದ ಎಡೆಯನ್ನು ತಮ್ಮ ಕೈಯಾರೆ ಬಡಿಸಿದರು.