ಜಿಗರ್ ಅಂದರೆ ಯಕೃತ್ತು

ಹೊಸ ಶಾಲೆಯ ಮೊದಲ ದಿನ, ಗಣಿತದ ಪೀರಿಯಡ್ಡಿನಲ್ಲಿ ನಾನು ಪುಸ್ತಕವನ್ನು ಹಿಂದಿನಿಂದ ತೆರೆದೆ. ಮೊದಲ ಪಾಠ ಇರಬೇಕಾದ ಕಡೆ ಉತ್ತರಗಳ ಪುಟ ಇತ್ತು. ಪಕ್ಕದಲ್ಲಿ ಕೂತಿದ್ದ ಹುಡುಗಿ ಕಿಸಕ್ಕನೆ ನಕ್ಕಳು. "ನೋಡ್ರಲೇ, ಇವ್ಳು ಲೆಕ್ಕಕ್ಕಿಂತ ಮೊದ್ಲು ಉತ್ತರನೇ ಓದ್ತಾಳೆ." ಇಡೀ ಕ್ಲಾಸು ನಕ್ಕಿತು. ನಾನು ತಲೆ ತಗ್ಗಿಸಿ ಪುಸ್ತಕವನ್ನು ತಿರುಗಿಸಿ ಇಟ್ಟುಕೊಂಡೆ.

ಹರಿಹರದಲ್ಲಿ ಎಂಟನೇ ತರಗತಿಯವರೆಗೆ ನಾನು ಓದಿದ್ದು ಉರ್ದು ಮಾಧ್ಯಮದಲ್ಲಿ. ಉರ್ದು ಬಲದಿಂದ ಎಡಕ್ಕೆ ಹೋಗುತ್ತದೆ, ಪುಸ್ತಕವೂ ಆ ಕಡೆಯಿಂದಲೇ ತೆರೆಯುತ್ತದೆ. ಕನ್ನಡ ಪಠ್ಯ ಎಡದಿಂದ ಶುರುವಾಗುತ್ತದೆಂದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಆದರೆ ಅಲ್ಲಿಯವರೆಗೆ ಕನ್ನಡವೆಂದರೆ ದಿನಕ್ಕೊಂದು ಪೀರಿಯಡ್ಡು ಮಾತ್ರ. ಗಣಿತ, ವಿಜ್ಞಾನ, ಚರಿತ್ರೆ ಎಲ್ಲವೂ ಕನ್ನಡದಲ್ಲೇ ಇರುವ ಒಂದು ಲೋಕ ಇದೆ ಎಂಬುದು ನನ್ನ ಕೈಗಳಿಗೆ ಇನ್ನೂ ತಿಳಿದಿರಲಿಲ್ಲ.

ಹರಿಹರದ ಗೆಳತಿಯರೇ, ದಾವಣಗೆರೆಗೆ ಹೋದವಳು ದುಬೈಗೆ ಹೋದವರ ಹಾಗೆ ಬರೆಯುತ್ತಿದ್ದಾಳೆ ಅಂತ ನಗಬೇಡಿ. ಬಸ್ಸಿಗೆ ಅದು ಸಣ್ಣ ದಾರಿ. ನನಗೆ ಮಾತ್ರ ಉದ್ದವಾಗಿತ್ತು.

ಅಬ್ಬಾ ಸೋಫಾ, ಕಾರಿನ ಸೀಟುಗಳಿಗೆ ಕುಶನ್ ಹಾಕುವ ಕೆಲಸದವರು. ಪಿ.ಜೆ. ಬಡಾವಣೆಯಲ್ಲಿ ಅವರಿಗೆ ಒಂದು ಒಳ್ಳೆಯ ಮಳಿಗೆ ಸಿಕ್ಕಿತು, ನಾವು ಊರು ಬಿಟ್ಟೆವು. ಮಳಿಗೆ ಸಿಕ್ಕಷ್ಟು ಸುಲಭಕ್ಕೆ ಮನೆ ಸಿಗಲಿಲ್ಲ. ಹೆಸರು ಕೇಳುವವರೆಗೆ ಖಾಲಿ ಇದ್ದ ಮನೆ, ಹೆಸರು ಹೇಳಿದ ಮೇಲೆ ಯಾರಿಗೋ ಕೊಟ್ಟಾಗಿರುತ್ತಿತ್ತು. ಕೊನೆಗೆ ಊರಂಚಿನ ಆವರಗೆರೆಯಲ್ಲಿ ಗಿರಿಜಮ್ಮ ಅನ್ನುವವರು ತಮ್ಮ ಮನೆಯ ಹಿಂದಿನ ಎರಡು ಕೋಣೆ ತೋರಿಸಿದರು. ಹಣೆಯ ತುಂಬ ವಿಭೂತಿ, ಗಟ್ಟಿ ದನಿ. "ನಮ್ಮನೇಲಿ ಅಡುಗೆ ನಮ್ದು, ನಿಮ್ಮನೇಲಿ ನಿಮ್ದು. ನೀರು ಮಾತ್ರ ಹಂಚ್ಕಬೇಕು ನೋಡ್ರಿ. ಬರ್ರಿ ಒಳಗ, ಕೂಡ್ರಿ" ಎಂದರು. ಅಮ್ಮಿ ಅವತ್ತೇ ಸಾಮಾನು ಇಳಿಸಿದರು.

ಉರ್ದು ಹೈಸ್ಕೂಲಿಗೆ ಅಲ್ಲಿಂದ ಎರಡು ಬಸ್ಸು ಬದಲಿಸಬೇಕಿತ್ತು. ಕನ್ನಡದ್ದು ನಡೆಯುವಷ್ಟು ಹತ್ತಿರ. ಅಬ್ಬಾ ನನ್ನನ್ನು ಅಲ್ಲಿಗೇ ಕರೆದುಕೊಂಡು ಹೋದರು. ದೊಡ್ಡ ಮೇಡಂ ನನ್ನ ಟಿ.ಸಿ. ನೋಡಿ, ಕನ್ನಡಕ ತೆಗೆದಿಟ್ಟು ಹೇಳಿದರು, "ಒಂಬತ್ತಕ್ಕೆ ತಗಂತೀನ್ರಿ. ಆದ್ರೆ ಮೀಡಿಯಂ ಬದಲಾದ ಮಕ್ಳು ಬಾಳ ಕಷ್ಟ ಪಡ್ತಾವೆ. ಅರ್ಧವಾರ್ಷಿಕ ಪರೀಕ್ಷೆ ತನಕ ನೋಡಾಣ. ಆಗ್ಲಿಲ್ಲ ಅಂದ್ರೆ ಎಂಟನೇ ಕ್ಲಾಸಿಗೆ ಕೂರಿಸ್ಬೇಕಾಗ್ತೈತೆ."

"ಆಗ್ತೈತೆ ಮೇಡಂ" ಅಂದರು ಅಬ್ಬಾ, ನನ್ನ ಮುಖ ನೋಡದೆ.

ಮನೆಗೆ ಬಂದ ಮೇಲೆ ಅಮ್ಮಿ, "ಎಂಟಕ್ಕೆ ಇಳಿಸಿದರೆ ಬೇಡವೇ ಬೇಡ. ಹರಿಹರಕ್ಕೆ ವಾಪಸ್ ಕಳಿಸೋಣ, ದಾದಿಯ ಹತ್ತಿರ ಇದ್ದು ಓದಲಿ" ಅಂದರು. ದಾದಿ ಅಂದರೆ ಅಬ್ಬಾನ ತಾಯಿ. ನಿಜ ಹೇಳುತ್ತೇನೆ, ಆ ಮಾತು ಕೇಳಿ ನನ್ನೊಳಗೆ ಯಾರೋ ಕುಣಿದರು. ಫೇಲಾದರೆ ಹರಿಹರ! ಹೊಳೆಯ ಕಡೆಯಿಂದ ಬರುವ ಸಂಜೆಯ ಗಾಳಿ, ಗೆಳತಿ ಶಾಹೀನ್ ಜೊತೆ ಅದೇ ಬೆಂಚು. ಇಲ್ಲಿ ಸಂಜೆಯಾದರೆ ಲಾರಿಗಳ ಸದ್ದು. ಅಲ್ಲಿ ಬೀದಿಗಿಳಿದರೆ ನಾನು ಕುಶನ್ ರಹೀಂ ಸಾಬರ ಮಗಳು ನಸ್ರೀನ್. ಇಲ್ಲಿ ಬರೀ 'ಹಿಂದ್ಲ ಮನೆ ಹುಡುಗಿ'. ಆದರೆ ಫೇಲಾಗಬೇಕೆಂದು ಕೂತರೆ ಫೇಲಾಗುವುದೂ ಸುಲಭವಲ್ಲ. ಕ್ಲಾಸು ನಕ್ಕಾಗ ಆದ ಉರಿ ಹಾಗೆ ಕೂರಲು ಬಿಡಲಿಲ್ಲ.

ಒಂದೇ ಕಟ್ಟಡದೊಳಗೆ ಪ್ರತಿ ಪೀರಿಯಡ್ಡೂ ನನಗೆ ಬೇರೆ ಬೇರೆ ಊರಾಗಿತ್ತು. ಗಣಿತದಲ್ಲಿ ಅಂಕಿಗಳು ಹಳೆಯ ನೆಂಟರು, ಚಿತ್ರಗಳೂ ಅವೇ, ಹೆಸರು ಮಾತ್ರ ಹೊಸವು. ಮೇಷ್ಟ್ರು ತ್ರಿಭುಜ ಎಂದಾಗ ನನ್ನ ತಲೆಯಲ್ಲಿ ಮುಸಲ್ಲಸ್ ಎಂದು ಕೇಳುತ್ತಿತ್ತು. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಎಲ್ಲರೂ ನನ್ನ ಹಾಗೇ ಪರವೂರಿನವರು, ಅಲ್ಲಿ ಸ್ವಲ್ಪ ಉಸಿರಾಡುತ್ತಿದ್ದೆ. ಖೋಖೋ ಆಡಲು ಭಾಷೆಯೇ ಬೇಕಿರಲಿಲ್ಲ. ಕಷ್ಟವಾಗಿದ್ದು ಕನ್ನಡದ ಪೀರಿಯಡ್ಡೇ. ಬೀದಿಯ ಕನ್ನಡ ನನಗೆ ನೀರು ಕುಡಿದಷ್ಟು ಸುಲಭ. ಪುಸ್ತಕದ ಕನ್ನಡ ಹಾಗಲ್ಲ. ಬೆಳಕು ಬರೆಯಲು ಹೋಗಿ ಬೆಲಕು ಬರೆಯುತ್ತಿದ್ದೆ, ಹಣ ಹೋಗಿ ಹನ ಆಗುತ್ತಿತ್ತು. ಉರ್ದುವಿನಲ್ಲಿ ಳ ಇಲ್ಲ, ಣ ಇಲ್ಲ. ಬೀದಿಯಲ್ಲಿ ನಾಲಿಗೆ ಹೇಗೋ ಹೊರಳುತ್ತಿತ್ತು. ಬರೆಯುವಾಗ ಯಾವುದು ಯಾವುದೆಂದು ತೋಚುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಕನ್ನಡದ ಬಸವರಾಜಪ್ಪ ಮೇಷ್ಟ್ರು ಉಕ್ತಲೇಖನ ಕೊಟ್ಟರು. ಛತ್ರಿ, ಧೈರ್ಯ, ಮೇಘ, ಖಡ್ಗ, ಕಠಿಣ, ಫಲ. ಎಲ್ಲಾ ಮಹಾಪ್ರಾಣದ ಶಬ್ದಗಳು, ಅಂದರೆ ಉಸಿರು ಒತ್ತಿ ಹೇಳಬೇಕಾದ ಅಕ್ಷರಗಳು. ಮೇಷ್ಟ್ರು ಹೊಟ್ಟೆಯಿಂದ ಉಸಿರು ತೆಗೆದು ಹೇಳಿದರೂ ಕ್ಲಾಸು ಚತ್ರಿ, ದೈರ್ಯ, ಮೇಗ ಎಂದೇ ಬರೆದಿತ್ತು. ತಿದ್ದುತ್ತಾ ತಿದ್ದುತ್ತಾ ಅವರು ನನ್ನ ಹಾಳೆಯ ಹತ್ತಿರ ನಿಂತರು.

"ಯಾರದ್ದು ನೋಡಿ ಬರ್ದೆ?"

"ಯಾರದ್ದೂ ಇಲ್ಲ ಸಾರ್."

"ಮತ್ತೆ ಒಂದೂ ತಪ್ಪಿಲ್ವಲ್ಲ? ನಿಂತ್ಕೊ. ಹೆಂಗೆ ಗೊತ್ತಾತು ಹೇಳು."

"ಸಾರ್, ನಮ್ಮ ಭಾಷೇಲಿ ಖಾನಾ ಅಂದ್ರೆ ಊಟ. ಕಾನಾ ಅಂದ್ರೆ ಒಕ್ಕಣ್ಣ. ಉಸಿರು ತಪ್ಪಿದ್ರೆ ಅರ್ಥನೇ ತಪ್ಪುತ್ತೆ. ಅದಕ್ಕೆ ಕೇಳಿಸ್ತೈತೆ."

ಮೇಷ್ಟ್ರು ಕ್ಲಾಸಿನ ಕಡೆ ತಿರುಗಿ, "ಕೇಳಿದ್ರೇನ್ರಲೇ? ನಾಳೆಯಿಂದ ಮಹಾಪ್ರಾಣ ಡೌಟ್ ಬಂದ್ರೆ ನನ್ನ ಕೇಳ್ಬ್ಯಾಡ್ರಿ, ನಸ್ರೀನ್‌ನ ಕೇಳ್ರಿ" ಎಂದರು.

ಅವತ್ತು ಮನೆಗೆ ನಡೆದು ಬರುವಾಗ ಪಕ್ಕದ ಬೆಂಚಿನ ಹುಡುಗಿ ಜೊತೆಗೆ ಬಂದಳು. ಮೊದಲ ದಿನ ನಕ್ಕವಳೇ. ಹೆಸರು ಸಹನಾ, ಗಿರಿಜಮ್ಮನವರ ಮಗಳು. ಅಂದರೆ ನಮ್ಮ ಮನೆಯ ಮುಂದಿನ ಮನೆಯವಳು. ಅಲ್ಲಿಯವರೆಗೆ ನಲ್ಲಿಯ ಹತ್ತಿರ ಎದುರಾದರೂ ನಾವು ಮಾತಾಡಿರಲಿಲ್ಲ.

"ನಂಗೂ ಆ ಉಸಿರು ಹೇಳ್ಕೊಡೇ" ಅಂದಳು.

ಅಂಗೈಯನ್ನು ಬಾಯಿಯ ಮುಂದೆ ಹಿಡಿಯಲು ಹೇಳಿದೆ. ಕ ಅಂದರೆ ಅಂಗೈಗೆ ಏನೂ ತಾಗುವುದಿಲ್ಲ, ಖ ಅಂದರೆ ಗಾಳಿ ತಾಗುತ್ತದೆ. ಅವಳು ದಾರಿಯುದ್ದಕ್ಕೂ ಖ, ಘ, ಛ ಎನ್ನುತ್ತಾ ಬಂದಳು. ಎದುರಿಗೆ ಬಂದ ಸೈಕಲ್ಲಿನವನು ತನಗೇ ಏನೋ ಅಂದಳೆಂದು ಬ್ರೇಕ್ ಹಾಕಿದ. ಇಬ್ಬರೂ ಓಡಿದೆವು. ಮನೆಯ ಮುಂದೆ ನಿಂತು ಅವಳು, "ಈಗ ನನ್ನ ಸರದಿ. ನಾಲ್ಗೆ ಮಡಚು, ಮೇಲಕ್ಕೆ ಹಚ್ಚು, ಬಿಡು. ಮಳೆ. ಬಾಳೆ. ಹೇಳು" ಎಂದಳು. ಗಿರಿಜಮ್ಮ ಬಾಗಿಲಿಗೆ ಬಂದು, "ಏನವ್ವ ಇದು, ಇಬ್ರೂ ಬಾಯಿ ಸೊಟ್ಟ ಮಾಡ್ಕಂಡು ನಿಂತೀರಿ?" ಎಂದು ಶೇಂಗಾ ಚಟ್ನಿ ಸವರಿದ ರೊಟ್ಟಿ ಕೊಟ್ಟರು.

ಆಮೇಲಿನ ತಿಂಗಳುಗಳಲ್ಲಿ ನಾವು ಓದಿದ್ದೆಲ್ಲ ಜೊತೆಯಲ್ಲೇ. ಒಂದು ಸಂಜೆ ವಿಜ್ಞಾನದಲ್ಲಿ ದ್ಯುತಿಸಂಶ್ಲೇಷಣೆ ಎಂಬ ಶಬ್ದ ಬಂತು. ಗಿಡಗಳು ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಕ್ರಿಯೆ. ಅದನ್ನು ಬಾಯಿಪಾಠ ಮಾಡಲಾಗದೆ ನಾನು ಅಳುವುದೊಂದು ಬಾಕಿ. ಸಹನಾ ಒಡೆದು ಹೇಳಿದಳು, "ದ್ಯುತಿ ಅಂದ್ರೆ ಬೆಳಕು. ಸಂಶ್ಲೇಷಣೆ ಅಂದ್ರೆ ಸೇರಿಸಿ ಕಟ್ಟೋದು." ನಾನು ಹಾಗೇ ಕೂತುಬಿಟ್ಟೆ. ಉರ್ದುವಿನಲ್ಲಿ ನಾವು ಕಲಿತಿದ್ದು ಜಿಯಾಯಿ ತಾಲೀಫ್. ಜಿಯಾ ಅಂದರೆ ಬೆಳಕು, ತಾಲೀಫ್ ಅಂದರೆ ಸೇರಿಸಿ ಕಟ್ಟುವುದು. ಎರಡೂ ಒಂದೇ ಮಾತು! ನಾನು ಕಲಿತದ್ದು ಏನೂ ಹರಿಹರದಲ್ಲಿ ಬಿಟ್ಟುಹೋಗಿರಲಿಲ್ಲ. ಅವತ್ತಿನಿಂದ ಹೊಸ ಶಬ್ದ ಬಂದರೆ ಆಗುತ್ತಿದ್ದ ಹೆದರಿಕೆ ಹೋಯಿತು. ಇದರ ಅಕ್ಕ ಯಾರು ಎಂದು ಉರ್ದುವಿನಲ್ಲಿ ಹುಡುಕುವುದು ಅಭ್ಯಾಸವಾಯಿತು.

ಅರ್ಧವಾರ್ಷಿಕದಲ್ಲಿ ಎಲ್ಲದರಲ್ಲೂ ಪಾಸಾದೆ. ಗಣಿತದಲ್ಲಿ ಕ್ಲಾಸಿಗೇ ಮೊದಲು. ದೊಡ್ಡ ಮೇಡಂ ಅಬ್ಬಾನನ್ನು ಕರೆಸಿ, "ಎಂಟನೇ ಕ್ಲಾಸಿನ ಮಾತು ನಾನು ಆಡೇ ಇಲ್ಲ ಅನ್ಕಳ್ರಿ" ಎಂದು ನಕ್ಕರು. ಅಬ್ಬಾ ಅಂಗಡಿಗೆ ಹೋಗುವ ಬದಲು ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದರು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಒಬ್ಬರೇ ನಗುತ್ತಿದ್ದರು.

ಈಗ ನಾನು ಹತ್ತನೇ ತರಗತಿ. ಈ ವರ್ಷ ದಾವಣಗೆರೆಯಲ್ಲೇ ನಡೆದ ಜಿಲ್ಲಾ ಮಟ್ಟದ ವಿಜ್ಞಾನ ರಸಪ್ರಶ್ನೆಗೆ ನಮ್ಮ ಶಾಲೆಯಿಂದ ನಾನು ಮತ್ತು ಸಹನಾ ಹೋದೆವು. ಕೊನೆಯ ಹಂತಕ್ಕೆ ಉಳಿದ ತಂಡಗಳಲ್ಲಿ ಒಂದು ನನ್ನ ಹಳೆಯ ಶಾಲೆ. ಎದುರಿನ ಮೇಜಿನಲ್ಲಿ ಶಾಹೀನ್! ಕಣ್ಣಿನಲ್ಲೇ ಸಲಾಂ ಹೇಳಿಕೊಂಡೆವು.

ಯಾವ ಭಾಷೆಯಲ್ಲಾದರೂ ಉತ್ತರಿಸಬಹುದು ಎಂದಿದ್ದರು. ಆದರೆ ತೀರ್ಪುಗಾರರಲ್ಲಿ ಉರ್ದು ತಿಳಿದಿದ್ದ ಒಬ್ಬರೇ ಮೇಷ್ಟ್ರು ಆ ಹೊತ್ತಿಗೆ ಊಟಕ್ಕೆ ಹೋಗಿದ್ದರು. ಶಾಹೀನ್ ತಂಡಕ್ಕೆ ಪ್ರಶ್ನೆ ಬಂತು. ಮನುಷ್ಯನ ದೇಹದ ಅತಿ ದೊಡ್ಡ ಗ್ರಂಥಿ ಯಾವುದು?

ಶಾಹೀನ್ ತಟ್ಟನೆ, "ಜಿಗರ್" ಎಂದಳು.

ಪ್ರಶ್ನೆ ಕೇಳುತ್ತಿದ್ದವರು ನಕ್ಕರು. "ಜಿಗರ್ ಅಂದ್ರೆ ಹೃದಯ ಅಲ್ವೇನಮ್ಮಾ? ಹಾಡಿನಾಗೆಲ್ಲ ಬರ್ತೈತಲ್ಲ. ತಪ್ಪು. ಮುಂದಿನ ತಂಡ?"

ಮುಂದಿನ ತಂಡ ನಾವೇ. ಉತ್ತರ ನನ್ನ ಬಾಯಲ್ಲೇ ಇತ್ತು. ಹೇಳಿದ್ದರೆ ಅಂಕ ನಮ್ಮದು. ಶಾಹೀನ್ ತುಟಿ ಕಚ್ಚಿ ನೆಲ ನೋಡುತ್ತಿದ್ದಳು. ಸರಿಯಾದದ್ದನ್ನು ಹೇಳಿಯೂ ನಗೆಗೀಡಾಗುವುದು ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಎದ್ದು ನಿಂತೆ.

"ಸಾರ್, ಅವಳು ಹೇಳಿದ್ದು ಸರಿ ಐತ್ರಿ. ಹಾಡಿನಲ್ಲಿ ಏನಾದ್ರೂ ಅನ್ಲಿ, ಉರ್ದು ವಿಜ್ಞಾನದಲ್ಲಿ ಜಿಗರ್ ಅಂದ್ರೆ ಯಕೃತ್ತು. ಹೃದಯಕ್ಕೆ ದಿಲ್ ಅಂತೀವಿ."

ಸಹನಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. "ಲೇ, ಪ್ರಶ್ನೆ ನಮಗೇ ಬಂದಿತ್ತಲ್ಲೇ!" ತೀರ್ಪುಗಾರರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಅಂಕವನ್ನು ಹರಿಹರಕ್ಕೆ ಕೊಟ್ಟರು. ಸಹನಾ ಉಸಿರೆಳೆದುಕೊಂಡು, "ಹೋಗ್ಲಿ ಬಿಡು, ಹಂಗೂ ಗೆಲ್ಲಾಣ" ಅಂದಳು. ಹಾಗೇ ಆಯಿತು. ಕೊನೆಯ ಸುತ್ತಿನಲ್ಲಿ ಅವಳು ಬೆಳಕಿನ ಪ್ರಶ್ನೆಗಳಿಗೆಲ್ಲ ಪಟಪಟ ಉತ್ತರಿಸಿದಳು, ಲೆಕ್ಕಗಳನ್ನು ನಾನು ಮಾಡಿದೆ. ಮೊದಲ ಸ್ಥಾನ ನಮಗೆ, ಎರಡನೆಯದು ಹರಿಹರಕ್ಕೆ.

ಬಹುಮಾನಕ್ಕೆ ಕರೆಯುವಾಗ ಮೈಕಿನಲ್ಲಿ, "ದಾವಣಗೆರೆಯ ನಸ್ರೀನ್ ಮತ್ತು ಸಹನಾ" ಎಂದರು. ಸಭಾಂಗಣದ ಹಿಂದಿನ ಸಾಲಿನಿಂದ ಹರಿಹರದ ಹುಡುಗಿಯರೆಲ್ಲ ಎದ್ದು, "ಹರಿಹರದ ನಸ್ರೀನ್!" ಎಂದು ಕೂಗಿದರು. ಮೈಕ್ ಹಿಡಿದವರು ಗಲಿಬಿಲಿಯಾಗಿ ನನ್ನ ಕಡೆ ನೋಡಿದರು, ಯಾವುದು ಸರಿ ಎಂಬಂತೆ. ಎರಡು ಕಡೆಯಿಂದಲೂ ಚಪ್ಪಾಳೆ ಬೀಳುತ್ತಿತ್ತು, ಅದರ ನಡುವೆಯೇ ಮೆಟ್ಟಿಲು ಹತ್ತಿದೆ.

ಹೊರಗೆ ಹರಿಹರದ ಮಕ್ಕಳ ವ್ಯಾನು ನಿಂತಿತ್ತು. ಶಾಹೀನ್ ಕಿಟಕಿ ಪಕ್ಕದ ಸೀಟಿನಲ್ಲಿ ಸರಿದು ಕೂತು, "ಹತ್ತು, ದಾದಿ ಕಾಯ್ತಿರ್ತಾರೆ" ಅಂದಳು. ಆಚೆ ರಸ್ತೆಯಲ್ಲಿ ಸಹನಾ ಆಟೋ ನಿಲ್ಲಿಸಿಕೊಂಡು, "ಬಾರೇ, ನಿಮ್ಮ ಅಮ್ಮಿ ಕಾಯ್ತಿದಾರೆ" ಎಂದು ಕರೆಯುತ್ತಿದ್ದಳು. ಕಾಯುವವರು ಎರಡೂ ಕಡೆ ಇದ್ದರು. "ಭಾನುವಾರ ಬರ್ತೀನಿ" ಅಂತ ಶಾಹೀನ್‌ಗೆ ಉರ್ದುವಿನಲ್ಲಿ ಹೇಳಿದೆ. "ಬಂದೆ ತಡಿಯೇ" ಅಂತ ಸಹನಾಗೆ ಕನ್ನಡದಲ್ಲಿ ಕೂಗಿದೆ. ಅಷ್ಟು ಹೇಳಿದ ಮೇಲೂ ವ್ಯಾನು ಹೊರಡುವವರೆಗೆ ನನ್ನ ಕೈ ಅದರ ಬಾಗಿಲನ್ನು ಬಿಟ್ಟಿರಲಿಲ್ಲ.