ಬೇಪೂರಿನಲ್ಲಿ ಹಡಗು ನೀರಿಗಿಳಿದ ದಿನ

ಗುಂಡ್ಲುಪೇಟೆ ದಾಟಿ ಕೇರಳದ ರಸ್ತೆ ಹಿಡಿದರೆ, ಮದ್ದೂರಿನ ಕಾಡು ಶುರುವಾಗುವುದಕ್ಕೆ ಮೊದಲು ಒಂದು ಹೋಟೆಲು ಸಿಗುತ್ತದೆ. ಅದಕ್ಕೆ ಬೋರ್ಡಿಲ್ಲ, ಲಾರಿಯವರೆಲ್ಲ ಸಿದ್ದಮ್ಮನ ಹೋಟ್ಲು ಎನ್ನುತ್ತಾರೆ. ಬೇಗೂರಿನಲ್ಲಿ ಹುಟ್ಟಿದ ಪುಟ್ಟಸಿದ್ದಮ್ಮ, ಮದುವೆಯಾದ ಹೊಸದರಲ್ಲಿ ಗಂಡ ಗುರುಸ್ವಾಮಿಯ ಜೊತೆ ಗರಿಯ ಚಪ್ಪರ ಹಾಕಿ ಶುರುಮಾಡಿದ್ದು ಇದು. ಈಗ ಚಪ್ಪರ ಹೋಗಿ ಶೀಟು ಬಂದಿದೆ. ಗುರುಸ್ವಾಮಿ ಗಲ್ಲಾದಲ್ಲಿ ಕೂರುತ್ತಾನೆ, ಒಲೆಯ ಮುಂದೆ ಆಕೆ. ರಾತ್ರಿ ಕಾಡಿನ ಗೇಟು ಮುಚ್ಚುವುದರಿಂದ ಲಾರಿಗಳು ರಸ್ತೆ ಪಕ್ಕದಲ್ಲೇ ಸಾಲುಗಟ್ಟಿ ನಿಲ್ಲುತ್ತವೆ. ಬೆಳಕು ಹರಿಯುವ ಹೊತ್ತಿಗೆ ಡ್ರೈವರುಗಳು ಮಂಜಿನೊಳಗಿಂದ ಒಬ್ಬೊಬ್ಬರಾಗಿ ಬಂದು ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತ ಗೇಟು ತೆರೆಯುವುದನ್ನು ಕಾಯುತ್ತಾರೆ.

ಹಾಗೆ ಕಾಯುತ್ತಿದ್ದವರಲ್ಲಿ ಹಂಸ ಒಬ್ಬ. ಕಲ್ಲಿಕೋಟೆಯ ಪಕ್ಕದ ಬೇಪೂರು ಎಂಬ ಹಳೆಯ ಬಂದರಿನವನು. ಗುಂಡ್ಲುಪೇಟೆಯ ತರಕಾರಿ, ಚೆಂಡುಹೂವು ತುಂಬಿಕೊಂಡು ಘಾಟಿ ಇಳಿಯುತ್ತಿದ್ದ. ಕನ್ನಡವನ್ನು ಈ ಬೆಂಚಿನ ಮೇಲೆಯೇ ಕಲಿತ. ಉಳಿದವರು ಫೋನು ನೋಡುತ್ತ ಕೂತರೆ ಇವನು ತನ್ನೂರಿನ ಮಾತು ತೆಗೆಯುತ್ತಿದ್ದ. ಅಲ್ಲಿ ಹೊಳೆ ಸಮುದ್ರಕ್ಕೆ ಸೇರುತ್ತದೆಯಂತೆ. ಹೊಳೆಯ ದಡದಲ್ಲಿ ಮರದ ಹಡಗು ಕಟ್ಟುತ್ತಾರಂತೆ. ಅವನ ಅಜ್ಜಂದಿರ ಅಜ್ಜಂದಿರ ಕಾಲದಿಂದ ಆ ಹಡಗುಗಳು ಅರಬರ ದೇಶಕ್ಕೆ ಹೋಗುತ್ತಿವೆಯಂತೆ. ಕಟ್ಟುವುದಕ್ಕೆ ವರ್ಷಗಟ್ಟಲೆ ಬೇಕು, ಆದರೆ ಕಾಗದದ ಮೇಲೆ ಒಂದು ಗೆರೆಯನ್ನೂ ಎಳೆಯುವುದಿಲ್ಲ, ಎಲ್ಲ ಮೇಸ್ತ್ರಿಯ ತಲೆಯೊಳಗೇ ಇರುತ್ತದೆ ಎನ್ನುತ್ತಿದ್ದ.

ಪುಟ್ಟಸಿದ್ದಮ್ಮ ಇಡ್ಲಿ ತಟ್ಟೆಗೆ ಹಿಟ್ಟು ಹುಯ್ಯುತ್ತಲೇ ಕೇಳುತ್ತಿದ್ದಳು. ಸಮುದ್ರ ನೋಡಿದವಳಲ್ಲ. ಮಳೆ ಚೆನ್ನಾಗಿ ಬಂದ ವರ್ಷ ತುಂಬಿ ನಿಲ್ಲುವ ಕೆರೆಯನ್ನೇ ಮನಸ್ಸಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಸಮುದ್ರ ಮಾಡಿಕೊಂಡಿದ್ದಳು. ಹಡಗೆಂದರೆ ಆಕೆಗೆ ದೊಡ್ಡದೊಂದು ರಾಗಿಹುಲ್ಲಿನ ಮೆದೆ. ಆ ಮೆದೆ ಕೆರೆಯ ಮೇಲೆ ಮೆಲ್ಲಗೆ ತೇಲಿಹೋಗುವುದನ್ನು ಹೊಗೆಯೊಳಗೆ ಕಾಣುತ್ತ ಎಷ್ಟೋ ಸಲ ಸಾಂಬಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು.

ಒಂದು ವರ್ಷ ಹಂಸನ ಲಾರಿ ಬರಲಿಲ್ಲ. ಸಕ್ಕರೆ ಕಾಯಿಲೆಗೆ ಅವನ ಕಣ್ಣು ಮಂಜಾಗಿದೆ, ಸ್ಟೇರಿಂಗು ಬಿಟ್ಟಿದ್ದಾನೆ ಎಂದು ಬೇರೆ ಡ್ರೈವರುಗಳು ಹೇಳಿದರು. ಆಮೇಲೆ ಹಬ್ಬಹರಿದಿನಕ್ಕೆ ಫೋನು ಮಾತ್ರ. ಹೀಗಿರುವಾಗ ಕಳೆದ ಬೇಸಗೆಯಲ್ಲಿ ಅವನೇ ಕರೆ ಮಾಡಿ, ಮನೆಯ ಹತ್ತಿರದ ಹಡಗೊಂದು ಈ ಹುಣ್ಣಿಮೆಯ ಉಬ್ಬರಕ್ಕೆ ನೀರಿಗಿಳಿಯುತ್ತದೆ, ಬಂದು ನೋಡಿ ಎಂದ. ಹೋಟೆಲು ಮುಚ್ಚುವುದಕ್ಕಾಗುತ್ತದೆಯೇ ಎಂದು ಗುರುಸ್ವಾಮಿ ಗೊಣಗಿದ. ಪುಟ್ಟಸಿದ್ದಮ್ಮ ವಾದಕ್ಕೆ ನಿಲ್ಲಲಿಲ್ಲ. ಮಗ ಶಶಿಕುಮಾರನನ್ನು ಒಲೆಗೆ ಬಿಟ್ಟು, ಸೊಸೆ ಪವಿತ್ರಳನ್ನು ಕರೆದುಕೊಂಡು ಕಲ್ಲಿಕೋಟೆಯ ಬಸ್ಸು ಹತ್ತಿದಳು.

ಆಯುಸ್ಸೆಲ್ಲ ಎದುರಿಗಿದ್ದ ಕಾಡನ್ನು ಅವತ್ತು ಮೊದಲ ಸಲ ಪೂರ್ತಿ ದಾಟಿದಳು. ಘಾಟಿಯ ತಿರುವುಗಳಲ್ಲಿ ಕಿವಿ ಗುಂಯ್ ಎಂದಿತು. ಕೆಳಗಿಳಿದಂತೆ ಗಾಳಿ ದಪ್ಪವಾಯಿತು, ಬೆವರಿನಲ್ಲಿ ಉಪ್ಪು ಹೆಚ್ಚಿತು. ಬೇಪೂರಿನಲ್ಲಿ ಹಂಸನ ಹೆಂಡತಿ ಕದೀಜ ಬಾಗಿಲಲ್ಲೇ ಇವರ ಕೈ ಹಿಡಿದುಕೊಂಡಳು. ಅವಳಿಗೆ ಕನ್ನಡ ಬಾರದು, ಪುಟ್ಟಸಿದ್ದಮ್ಮನಿಗೆ ಮಲಯಾಳ ಅಷ್ಟಕ್ಕಷ್ಟೇ. ಆದರೂ ಇಬ್ಬರೂ ಅಡುಗೆಮನೆ ಸೇರಿ ಊರಿಂದ ತಂದ ಸಾಂಬಾರು ಪುಡಿಯನ್ನು ಅವಳು, ಅವಳ ಮಸಾಲೆ ಡಬ್ಬಿಯನ್ನು ಇವಳು ಮೂಸಿ ನೋಡಿ ತಲೆಯಾಡಿಸುತ್ತ ಸಂಜೆ ಕಳೆದರು.

ಮರುದಿನ ಬೆಳಿಗ್ಗೆ, ಈಗ ಕಣ್ಣೇ ಕಾಣದ ಹಂಸನ ಕೈ ಹಿಡಿದುಕೊಂಡು ಹೊಳೆಯ ದಡಕ್ಕೆ ಹೋದರು. ತೆಂಗಿನ ಮರಗಳ ನಡುವೆ ಹಡಗು ನಿಂತಿತ್ತು. ಪುಟ್ಟಸಿದ್ದಮ್ಮ ಕತ್ತೆತ್ತಿ ನೋಡಿದಳು, ಇನ್ನೂ ಎತ್ತಿದಳು. ಹುಲ್ಲಿನ ಮೆದೆ ಎಲ್ಲೋ ಮಾಯವಾಯಿತು. ಎಣ್ಣೆ ಕುಡಿದ ಹೊಸ ಮರ ಬಿಸಿಲಿಗೆ ಜೇನಿನ ಬಣ್ಣಕ್ಕೆ ತಿರುಗಿತ್ತು. ಅಡಿಯಲ್ಲಿ ಉರುಳುವ ದಿಮ್ಮಿಗಳು. ದೊಡ್ಡ ಮರದ ರಾಟೆಗೆ ಹಗ್ಗ ಸುತ್ತಿ, ಖಲಾಸಿಗಳೆಂಬ ಎಳೆಯುವ ಆಳುಗಳು ಹಾಡು ಹೇಳುತ್ತ ಗಾಣದೆತ್ತುಗಳ ಹಾಗೆ ಸುತ್ತು ಹಾಕುತ್ತಿದ್ದರು. ಹಡಗು ಮಾತ್ರ ಅಲುಗಿದ್ದೇ ಕಾಣದು. ಕಣ್ಣಿಗೆ ಕಾಣುವ ಹಾಗೆ ಅದು ನಡೆಯುವುದಿಲ್ಲ, ತಾಳ್ಮೆ ಬೇಕು ಎಂದ ಹಂಸ.

ಗೋಡೆಯ ನೆರಳಲ್ಲಿ ಚಾಪೆ ಹಾಕಿಕೊಂಡು ಕೂತರು. ಪವಿತ್ರ ಫೋನು ಹಿಡಿದು ಜನರ ನಡುವೆ ಹೋದಳು. ಹಾಡು ಏರುತ್ತಿತ್ತು, ಇಳಿಯುತ್ತಿತ್ತು. ಹೊಳೆಯ ಮೇಲಿನಿಂದ ಗಾಳಿ ಬರುತ್ತಿತ್ತು. ಪುಟ್ಟಸಿದ್ದಮ್ಮ ಗೋಡೆಗೆ ಒರಗಿದಳು.

ಕಣ್ಣು ಬಿಟ್ಟಾಗ ಬಿಸಿಲು ವಾಲಿತ್ತು. ಎದುರಿಗೆ ಹಡಗಿಲ್ಲ. ಅದು ನಿಂತಿದ್ದ ಕಡೆ ಖಾಲಿ ಆಕಾಶ, ಅದರ ಕೆಳಗೆ ತುಳಿದ ಕೆಸರು. ತಾನು ಇಲ್ಲಿಗೆ ಬಂದದ್ದೇ ಕನಸೋ ಎನ್ನಿಸಿತು. ಹಂಸ ಮಾತ್ರ ಪಕ್ಕದಲ್ಲಿ ಹಾಗೇ ಕೂತಿದ್ದ.

"ಹಡಗು ಎಲ್ಲೋಯ್ತು ಹಂಸಣ್ಣ?"

"ನೀರಿಗೋಯ್ತು ಕಣಕ್ಕ."

ತಿರುಗಿ ನೋಡಿದರೆ ಹೊಳೆಯ ನಡುವೆ ಹಡಗು ನಿಂತಿತ್ತು, ಮೆಲ್ಲಗೆ, ಮಲಗಿದವರ ಎದೆಯ ಹಾಗೆ ಏರಿಳಿಯುತ್ತ. ಆಕೆಗೆ ಅಳು ಬಂದಂತಾಯಿತು. "ಇಷ್ಟು ದೂರ ಬಂದು ಮಲಗ್ಬುಟ್ನಲ್ಲಣ್ಣ. ಯಾಕೆ ಎಬ್ಬುಸ್ನಿಲ್ಲ ನೀವು?"

ಹಂಸ ಆಕೆಯ ದನಿಯ ಕಡೆಗೆ ಮುಖ ತಿರುಗಿಸಿದ. "ಅಷ್ಟು ವರ್ಷ ನಿಮ್ಮ ಹೋಟ್ಲಿಗೆ ಬಂದೆ. ನೀವು ಕೂತಿದ್ದನ್ನ ಒಂದಿನಾನೂ ನೋಡ್ನಿಲ್ಲ ಕಣಕ್ಕ. ಉಸಿರು ಕೇಳುಸ್ತು, ನಿದ್ದೆ ಹೋದ್ರು ಅಂತ ಗೊತ್ತಾಯ್ತು. ಎಬ್ಬುಸಕ್ಕೆ ಮನಸಾಗ್ನಿಲ್ಲ."

ಆಮೇಲೆ ನಡೆದದ್ದನ್ನೆಲ್ಲ ಅವನೇ ಹೇಳಿದ. ಅವನೂ ಕಂಡದ್ದಲ್ಲ, ಕೇಳಿದ್ದು. ಹಾಡು ಒಮ್ಮೆಲೇ ನಿಂತಿತಂತೆ. ಮರಕ್ಕೆ ಮರ ಉಜ್ಜುವ ಸದ್ದೊಂದು ಉದ್ದಕ್ಕೆ ಬಂತಂತೆ. ಆಮೇಲೆ ಏನೂ ಇಲ್ಲ, ನೆರೆದ ಜನ ಕೆಮ್ಮಲೂ ಇಲ್ಲ. ನೀರು ದಡಕ್ಕೆ ಬಂದು ಬಂದು ಬಡಿಯಿತಂತೆ. ಹಡಗು ತೇಲಿತೆಂದು ಅವನಿಗೆ ತಿಳಿದದ್ದು ಆಗ.

ಪುಟ್ಟಸಿದ್ದಮ್ಮ ತನಗೆ ಬಿದ್ದ ಕನಸನ್ನು ಹೇಳಿದಳು. ರಸ್ತೆ ಪಕ್ಕದ ಲಾರಿಗಳೆಲ್ಲ ಚಕ್ರ ಬಿಟ್ಟು ಮೇಲೆದ್ದು, ಮಂಜಿನ ಮೇಲೆ ತೇಲುತ್ತ ಕಾಡಿನೊಳಕ್ಕೆ ಹೋಗುತ್ತಿದ್ದವು. ತಾನು ಸೌಟು ಹಿಡಿದುಕೊಂಡು ನೋಡುತ್ತಿದ್ದಳು. "ನನ್ನ ಲಾರಿನೂ ಇತ್ತಾ?" ಎಂದು ಹಂಸ ಕೇಳಿದ. ಎಲ್ಲಕ್ಕಿಂತ ಮುಂದೆ ಅದೇ ಇತ್ತು ಎಂದಳು.

ಸಂಜೆ ಸಮುದ್ರದ ಕಡೆಗೂ ಹೋದರು. ನೀರಿನ ಮೇಲೆ ಬಹಳ ದೂರದವರೆಗೆ ಬೆಳಕು ಹರಡಿತ್ತು. ಅದು ಕೆರೆಯ ಹಾಗಿರಲಿಲ್ಲ. ಯಾವುದರ ಹಾಗೂ ಇರಲಿಲ್ಲ. ಪುಟ್ಟಸಿದ್ದಮ್ಮ ಸೀರೆ ಎತ್ತಿ ಹಿಡಿದು ಪಾದ ಮುಳುಗುವಷ್ಟು ಇಳಿದಳು, ಪವಿತ್ರ ಕರೆಯುವವರೆಗೂ ಮೇಲೆ ಬರಲಿಲ್ಲ.

ಊರಿಗೆ ಬಂದ ಮೇಲೆ ಪವಿತ್ರ ಫೋನಿನಲ್ಲಿ ಹಿಡಿದಿದ್ದ ವಿಡಿಯೋ ತೋರಿಸಿದಳು. ಅಂಗೈಯಗಲದ ಪರದೆಯಲ್ಲಿ ಹಡಗು ಸರ್ರನೆ ಜಾರಿ ನೀರಿಗಿಳಿಯಿತು. ಒಂದು ಮೂಲೆಯಲ್ಲಿ ಗೋಡೆಯ ನೆರಳು, ಅಲ್ಲಿ ಬಾಯಿ ತೆರೆದು ನಿದ್ದೆಹೋಗಿರುವ ಪುಟ್ಟಸಿದ್ದಮ್ಮ. ಶಶಿಕುಮಾರ ಜೋರಾಗಿ ನಕ್ಕ. ಗುರುಸ್ವಾಮಿ ನಗಲಿಲ್ಲ. ಫೋನು ಇಸಿದುಕೊಂಡು ಮತ್ತೊಮ್ಮೆ ಹಾಕಿಸಿದ. ಹಡಗನ್ನು ಅವನು ನೋಡುತ್ತಿರಲಿಲ್ಲ.

"ಮಧ್ಯಾನ ಊಟದ ಗಲಾಟೆ ಮುಗುದ್ ಮ್ಯಾಲೆ ವಸಿ ಮಲಿಕೊ," ಎಂದ ಅವತ್ತು, ಮುಖ ನೋಡದೆ. "ಟೀ ನಾ ಕಾಯಿಸ್ತೀನಿ."

ಅಂದಿನಿಂದ ಮಧ್ಯಾಹ್ನ ಬೆಂಚೆರಡು ಸೇರಿಸಿ ಪುಟ್ಟಸಿದ್ದಮ್ಮ ಮಲಗುತ್ತಾಳೆ. ಗುರುಸ್ವಾಮಿಯ ಟೀಗೆ ಯಾವತ್ತೂ ಸಕ್ಕರೆ ಜಾಸ್ತಿ. ಡ್ರೈವರುಗಳು ಹಾಗೇ ಕುಡಿಯುತ್ತಾರೆ, ಲೋಟವನ್ನು ಸದ್ದಾಗದ ಹಾಗೆ ಕೆಳಗಿಡುತ್ತಾರೆ.