ಇಕ್ಕಳ ಬೇಯಿಸುವ ಬಷೀರಮ್ಮ

ಮದ್ದೂರು ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಲ್ಲು ಕೀಳುವ ಪೀರ್ ಪಾಷಾ ಅವರ ಅಂಗಡಿಯ ಜಗಲಿಯ ಮೇಲೆ ಆಗಲೇ ಏಳೆಂಟು ಮಂದಿ ಕೆನ್ನೆಗೆ ಕೈ ಕೊಟ್ಟು ಕೂತಿದ್ದಾರೆ. ಅಂಗಡಿಯ ನಡುವೆ ಗೋಣಿಯ ಪರದೆ ಕಟ್ಟಿದೆ. ಈಚೆಗೆ ಮರದ ಕುರ್ಚಿ, ಪೀರ್ ಪಾಷಾ. ಆಚೆಗೆ ಒಲೆ, ಒಲೆಯ ಮೇಲೆ ಕೊತಕೊತ ಕುದಿಯುವ ದಬರಿ. ಹೊಸಬರು ಕಾಫಿಯಿರಬಹುದೇ ಎಂದು ಆಸೆಯಿಂದ ಮೂಗರಳಿಸುತ್ತಾರೆ. ಬೇಯುತ್ತಿರುವುದು ಹಲ್ಲು ಕೀಳುವ ಇಕ್ಕಳ ಎಂದು ತಿಳಿದೊಡನೆ ನೋವು ತಾನಾಗಿ ವಾಸಿಯಾಗಿ ಎದ್ದು ಹೋದವರೂ ಉಂಟು.

"ಆಯ್ತಾ?" ಎಂದು ಈಚೆಯಿಂದ ಪೀರ್ ಪಾಷಾ ಕೇಳುತ್ತಾರೆ.

"ಇನ್ನೂ ಅರ್ಧ ಮೊರ ಅದೆ" ಎಂದು ಆಚೆಯಿಂದ ಹೆಂಗಸಿನ ದನಿ ಬರುತ್ತದೆ.

ಆ ದನಿ ಅವರ ಹೆಂಡತಿ ಬಷೀರುನ್ನೀಸಾ ಅವರದು. ಸುತ್ತಲ ಹಳ್ಳಿಯವರ ಬಾಯಲ್ಲಿ ಬಷೀರಮ್ಮ. ಈ ಅಂಗಡಿಯಲ್ಲಿ ಗಡಿಯಾರವಿಲ್ಲ. ಇಕ್ಕಳ ಕುದಿನೀರಿಗೆ ಬಿದ್ದ ಕೂಡಲೇ ಆಕೆ ಮೊರದ ತುಂಬ ಅಕ್ಕಿ ಹಾಕಿಕೊಂಡು ಕಲ್ಲು ಆರಿಸಲು ಕೂರುತ್ತಾರೆ. ಮೊರದ ಅಕ್ಕಿ ಮುಗಿದರೆ ಇಕ್ಕಳ ಬೆಂದಂತೆ. ಮನೆಯ ಅಕ್ಕಿ ಸಾಲದಿದ್ದರೆ ಓಣಿಯವರು ತಮ್ಮ ಅಕ್ಕಿಯನ್ನೂ ತಂದು ಸುರಿದು ಹೋಗುತ್ತಾರೆ. ಯುದ್ಧ ಮುಗಿದರೂ ರೇಷನ್ ಮುಗಿದಿಲ್ಲ, ರೇಷನ್ ಅಕ್ಕಿಯಲ್ಲಿ ಕಲ್ಲಿಗೇನೂ ಬರವಿಲ್ಲ. ಹೀಗಾಗಿ ಮದ್ದೂರಿನ ಇಕ್ಕಳ ಮೊದಲಿಗಿಂತ ಹೆಚ್ಚು ಹೊತ್ತು ಬೇಯುತ್ತಿದೆ. ಜನರ ಆರೋಗ್ಯಕ್ಕೆ ತಾನು ಮಾಡಿರುವ ಈ ಉಪಕಾರ ಸರ್ಕಾರಕ್ಕೇ ಗೊತ್ತಿರಲಿಕ್ಕಿಲ್ಲ.

ಕಾಲುವೆಯ ನೀರು ಬಂದ ಮೇಲೆ ಈ ಸೀಮೆಗೆ ಕಬ್ಬು ಬಂತು, ಕಬ್ಬಿನ ಹಿಂದೆಯೇ ಹಲ್ಲುನೋವೂ ಬಂತು. ವಿ.ಸಿ. ಫಾರಂನ ಆಳುಗಳಿಂದ ಹಿಡಿದು ಬ್ಲಫ್‌ನ ಕರೆಂಟು ಉತ್ಪಾದನೆಯ ಕೇಂದ್ರದ ನೌಕರರವರೆಗೆ ಎಲ್ಲರೂ ಪೀರ್ ಪಾಷಾರನ್ನು ಹುಡುಕಿಕೊಂಡು ಬರುತ್ತಾರೆ. ಅವರ ಕೈಗುಣ ಅಷ್ಟು ಹೆಸರುವಾಸಿ. ಆದರೆ ಈ ಕೈಗುಣದ ಕಥೆಯಲ್ಲಿ ಪರದೆಯ ಆಚೆಗಿನ ಒಲೆಯ ಸುದ್ದಿ ಬರುವುದೇ ಇಲ್ಲ.

ಎರಡು ವರ್ಷದ ಹಿಂದೆ ಕಾಲರಾ ಬಂದಾಗ, ನೀರು ಕುದಿಸಿ ಕುಡಿಯಿರಿ ಎಂದು ತಮಟೆ ಹೊಡೆದು ಸಾರಿದ್ದರು. ಊರಿಗೆ ಊರೇ ಕುದಿಸಿತು. ಕಾಯಿಲೆ ಹೋದದ್ದೇ ತಡ, ಊರಿಗೆ ಊರೇ ಅದನ್ನು ಮರೆಯಿತು. ಬಷೀರಮ್ಮ ಮಾತ್ರ ಬಿಡಲಿಲ್ಲ. ಹೇಗೂ ನೀರು ಕುದಿಯುತ್ತಿದೆಯಲ್ಲ ಎಂದು ಇನ್ನೊಂದು ದಬರಿಯಿಟ್ಟು ಗಂಡನ ಇಕ್ಕಳವನ್ನೂ ಹಾಕಿದರು. ಅಲ್ಲಿಯವರೆಗೆ ಅದಕ್ಕೆ ಗೊತ್ತಿದ್ದ ಶುದ್ಧಿಯೆಂದರೆ ಪೀರ್ ಪಾಷಾರ ಲುಂಗಿಯ ತುದಿಯೊಂದೇ.

"ಕಣ್ಗೆ ಕಾಣ್ದಿರೋ ಉಳ ಅಂದ್ರೆ ನಗ್ತಾರೆ" ಎನ್ನುತ್ತಾರೆ ಬಷೀರಮ್ಮ. "ಮುಂದ್ಲವ್ನ ಎಂಜ್ಲು ನಿನ್ ಬಾಯ್ಗೆ ಬತ್ತದೆ ಅಂದ್ ನೋಡಿ, ಬೆಚ್ಚಿ ಬೀಳ್ತಾರೆ. ಆಗ ಕಾಯ್ತಾರೆ."

ಕಾಯುತ್ತಾರೆ, ನಿಜ. ತೊಂದರೆಯಿರುವುದು ಆಮೇಲೆ. ನಮ್ಮ ರೈತರು ನೇಗಿಲಾಗಲಿ, ತಕ್ಕಡಿಯಾಗಲಿ, ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಕೆಲಸ ಶುರು ಮಾಡುವವರಲ್ಲ. ಇಕ್ಕಳವೂ ಒಂದು ಆಯುಧವೇ ತಾನೇ? ಹಬೆಯಾಡುತ್ತ ಬಂದ ಇಕ್ಕಳದ ಮೂತಿಯನ್ನು ಭಕ್ತಿಯಿಂದ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡು, ಆಮೇಲೆ ಬಾಯಿ ತೆರೆಯುತ್ತಾರೆ. ಮುಟ್ಟಿದ ಇಕ್ಕಳ ಮತ್ತೆ ದಬರಿಗೆ ಹೋಗುತ್ತದೆ.

ನಾನೂ ಜಗಲಿಯ ಮೇಲೆ ಕೂತಿರುವಾಗಲೇ ಮುದ್ದಯ್ಯನವರು ಬರುತ್ತಾರೆ. ಈ ಅಂಗಡಿಯ ಕಟ್ಟಡ ಅವರದೇ, ಪೀರ್ ಪಾಷಾ ಬಾಡಿಗೆಗಿದ್ದಾರೆ. ಒಂದು ಕೆನ್ನೆಯೊಳಗೆ ಗುಂಡುಬದನೆ ಅಡಗಿಸಿಟ್ಟ ಹಾಗಿದೆ. ಜಗಲಿಯವರು ಎದ್ದು ದಾರಿ ಬಿಡುತ್ತಾರೆ.

"ಕೀಳ್ಲಾ ಪೀರ, ಜೀವ ಓಯ್ತಾ ಅದೆ."

"ಒಸಿ ತಡೀರಿ ಗೌಡ್ರೆ, ಇಕ್ಕಳ ಬೇಯ್ತಾ ಅದೆ."

"ಬೇಯಕ್ಕೆ ಅದೇನ್ ಅವರೆಕಾಳಾ? ಕಾಲರಾ ಓಗಿ ಎಲ್ಡ್ ವರ್ಸ ಆಯ್ತು, ಇನ್ನೂ ಏನ್ಲಾ ಕುದ್ಸದು? ಈಗ ಕೀಳ್ತೀಯೋ, ನಾಳೀಕೆ ಅಂಗ್ಡಿ ಖಾಲಿ ಮಾಡ್ತೀಯೋ?"

ಅಂಗಡಿ ಹೋದರೆ ಈ ಸಂಸಾರಕ್ಕೆ ಸಂತೆಯ ಮರದಡಿಯೇ ಗತಿ. ಮಳೆ ಬಂದ ದಿನ ಹಲ್ಲೂ ಇಲ್ಲ, ಅನ್ನವೂ ಇಲ್ಲ. ಪೀರ್ ಪಾಷಾ ಪರದೆಗೆ ಬಾಯಿಟ್ಟು ಮೆಲ್ಲಗೆ ಏನೋ ಬೇಡಿಕೊಳ್ಳುತ್ತಾರೆ. ಉತ್ತರ ಮಾತ್ರ ಸ್ಟೇಷನ್ನಿಗೆ ಕೇಳುವಷ್ಟು ಗಟ್ಟಿಯಾಗಿ ಬರುತ್ತದೆ.

"ಅಂಗ್ಡಿ ಓದ್ರೆ ನಾವು ಮರದಡೀಲಿ ಕೂತ್ಕತೀವಿ. ಗೌಡ್ರೇ ಓದ್ರೆ ಅವ್ರ ಎಂಡ್ರು ಎಲ್ಲಿ ಕೂತ್ಕಬೇಕು? ಅಕ್ಕಿ ಮುಗೀಲಿ."

ಮುದ್ದಯ್ಯನವರಿಗೆ ಬೈಯುವ ಮನಸ್ಸಿದೆ, ಬಾಯಿಲ್ಲ. ಕುರ್ಚಿಯಲ್ಲಿ ಕುಕ್ಕರಿಸುತ್ತಾರೆ. ಕೊನೆಗೆ ಪರದೆಯ ಸಂದಿನಿಂದ ಇಕ್ಕಳ ಬರುತ್ತದೆ. ಎತ್ತಿನ ಬೆನ್ನು ಚಪ್ಪರಿಸಿ, ನಶ್ಯ ಏರಿಸಿ ಬಂದ ಕೈಯಿಂದ ಗೌಡರು ಅದರ ಮೂತಿ ಮುಟ್ಟಿ ಕಣ್ಣಿಗೊತ್ತಿಕೊಂಡೇ ಬಿಡುತ್ತಾರೆ.

ಸಂದಿನಿಂದ ಬಳೆ ತೊಟ್ಟ ಕೈಯೊಂದು ಅಂಗೈ ಬಿಚ್ಚಿಕೊಂಡು ಹೊರಬರುತ್ತದೆ. ಪೀರ್ ಪಾಷಾ ತೆಪ್ಪಗೆ ಇಕ್ಕಳ ಒಪ್ಪಿಸುತ್ತಾರೆ. ಒಳಗೆ ಬುಳುಕ್ ಎನ್ನುವ ಸದ್ದು. "ಇನ್ನೊಂದ್ ಮೊರ!" ಜಗಲಿಯವರು ನೋವು ಮರೆತು ನಗುತ್ತಾರೆ, ನಕ್ಕದ್ದಕ್ಕೆ ನೋವು ಹೆಚ್ಚಾಗಿ ನರಳುತ್ತಾರೆ. ಮುದ್ದಯ್ಯನವರು ಅಕ್ಕಿ ಮುಗಿಯುವ ತನಕ ಕಾದು ಹಲ್ಲು ಕೀಳಿಸಿಕೊಂಡು, ಯಾರ ಮುಖವನ್ನೂ ನೋಡದೆ ಗಾಡಿ ಹತ್ತುತ್ತಾರೆ. ಪೀರ್ ಪಾಷಾರಿಗೆ ಅಂದು ಮಧ್ಯಾಹ್ನದ ಊಟ ಸೇರುವುದಿಲ್ಲ.

ಅಂಗಡಿ ಉಳಿಯಿತೋ ಇಲ್ಲವೋ ನೋಡಲು ಮುಂದಿನ ವಾರ ಮತ್ತೆ ಹೋಗುತ್ತೇನೆ. ಪರದೆಯೂ ಇದೆ, ದಬರಿಯೂ ಇದೆ. ಕೆನ್ನೆ ಇಳಿದ ಮುದ್ದಯ್ಯನವರೂ ಇದ್ದಾರೆ, ಹೆಂಡತಿ ಮಲ್ಲಿಗಮ್ಮನನ್ನು ಕುರ್ಚಿಯಲ್ಲಿ ಕೂರಿಸಿಕೊಂಡು.

"ಕೈಗುಣ ಅಂದ್ರೆ ಪೀರಂದು ಕಣ್ರಲಾ" ಎಂದು ಜಗಲಿಗೆಲ್ಲ ಸಾರುತ್ತಿದ್ದಾರೆ. ಪರದೆಯ ಮಾತೇ ಇಲ್ಲ. ಅಷ್ಟರಲ್ಲಿ ಇಕ್ಕಳ ಬರುತ್ತದೆ, ಮಲ್ಲಿಗಮ್ಮ ಕಣ್ಣಿಗೊತ್ತಿಕೊಳ್ಳಲು ಕೈ ಚಾಚುತ್ತಾರೆ. ಗೌಡರು ಆ ಕೈಯ ಮೇಲೆ ಫಟ್ಟನೆ ಒಂದು ಕೊಡುತ್ತಾರೆ.

"ಮುಟ್ಬ್ಯಾಡ ಕಣಮ್ಮೀ! ಮುಟ್ಟುದ್ರೆ ಇನ್ನೊಂದ್ ಮೊರ ಕಾಯ್ಬೇಕು!"

ಅಂಗಡಿ ಖಾಲಿ ಮಾಡಬೇಕೇ ಎಂದು ಪೀರ್ ಪಾಷಾ ಹೆದರುತ್ತಲೇ ಕೇಳುತ್ತಾರೆ. "ಯಾವ್ ಅಂಗ್ಡಿಲಾ? ಮೊದ್ಲು ಇವ್ಳ ಅಲ್ಲು ಕೀಳು" ಎನ್ನುತ್ತಾರೆ ಗೌಡರು.

ಗಲಾಟೆ ಕರಗಿದ ಮೇಲೆ ಪರದೆಯ ಬಳಿ ಕೂತು ಕೇಳುತ್ತೇನೆ. ಅನ್ನ ಕೊಡುವ ಅಂಗಡಿಯನ್ನೇ ಪಣಕ್ಕಿಟ್ಟು ಯಾಕಮ್ಮ ಈ ಹಟ? ಒಳಗೆ ಕಲ್ಲು ಆರಿಸುವ ಸದ್ದು ನಿಲ್ಲುತ್ತದೆ.

"ಆ ಕಾಲರಾದಲ್ಲಿ ಮಳವಳ್ಳೀಲಿ ನನ್ ತಂಗಿ ತಾಹೇರಾ ತೀರ್ಕಂಡ್ಲು, ಅಣ್ಣಾ. ಮೊದ್ಲು ದಿನಾ ನೀರ್ ಕುದ್ಸ್ತಿದ್ಲಂತೆ. ಆಮೇಲೆ ಯಾರೋ, ಕಾಯ್ಲೆ ಓಯ್ತಲ್ಲ, ಬುಡಮ್ಮ, ಸೌದೆ ದಂಡ ಅಂದ್ರಂತೆ. ಅವ್ಳು ಬಲು ಸಾಧು, ಯಾರ್ ಮಾತ್ಗೂ ಎದ್ರಾಡೋಳಲ್ಲ. ಬುಟ್ಬುಟ್ಲು."

ಒಳಗೆ ಬಷೀರಮ್ಮ ಒಲೆಗೆ ಸೌದೆ ತಳ್ಳುವ ಸದ್ದು ಬರುತ್ತದೆ.

"ಜನ ನನ್ನ ಗಯ್ಯಾಳಿ ಅಂತಾರೆ, ಗೊತ್ತು. ಬೈಕೊಂಡೇ ಬದುಕ್ಲಿ, ಬುಡಿ."